ಹಗಲು ಹಚ್ಚಿದ ದೀಪ

ತುಮಕೂರಿನ ಮಂಡಿಪೇಟೆಯಲ್ಲಾಗಲಿ, ಗುಬ್ಬಿಯ ಸಂತೆಯಲ್ಲಾಗಲಿ, ಒಬ್ಬ ವರ್ತಕನ ವ್ಯವಹಾರ ಮುಳುಗಿತೆಂದು ಸುದ್ದಿ ಹಬ್ಬಿದರೆ ಜನ ಅದನ್ನು ಹೇಳುವ ರೀತಿ ಹಲವು ಬಗೆ. “ಪಾಪರ್ ಆದನಂತೆ” ಎನ್ನುವವರುಂಟು. “ಪಾಪರ್ ಚೀಟಿ ತಗೊಂಡನಂತೆ” ಎನ್ನುವವರುಂಟು. ಆಂಧ್ರದ ಮಾತಿನ ಗಾಳಿ ಬೀಸುವ ಕಡೆ “ಐ.ಪಿ. ಹಾಕಿದ” ಎನ್ನುತ್ತಾರೆ. ಪತ್ರಿಕೆಯವರು “ದಿವಾಳಿ” ಎಂದು ಬರೆಯುತ್ತಾರೆ. ಮಾತು ಯಾವುದಾದರೂ ಅದರ ಹಿಂದಿನ ದನಿ ಎರಡೇ. ಒಂದು, ಸಾವಿನ ಸುದ್ದಿ ಹೇಳುವ ದನಿ: ಪಾಪ, ಮನೆತನದ ಮಾನ ಹೋಯಿತು. ಇನ್ನೊಂದು, ಕಳ್ಳನ ಜಾಣತನವನ್ನು ಒಳಗೊಳಗೇ ಮೆಚ್ಚಿಕೊಂಡು ಬೈಯುವ ದನಿ: ಎಲ್ಲರಿಗೂ ನಾಮ ಹಾಕಿ ಪಾರಾದ. ದಿವಾಳಿ ಕಾನೂನಿನ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಈ ಎರಡು ದನಿಗಳೂ ಕಾನೂನನ್ನು ಅರಿಯದೆ ಹುಟ್ಟಿದವು. ಹಾಗೆ ಹುಟ್ಟಿದ ತಪ್ಪು ತಿಳಿವಳಿಕೆಗೆ ಬೆಲೆ ತೆರುತ್ತಿರುವವನು ಪ್ರಾಮಾಣಿಕನಾದ ಸಾಲಗಾರ. ಮೋಸಗಾರನಿಗೆ ಇದರಿಂದ ನಷ್ಟವೇನೂ ಇಲ್ಲ.

ಮೊದಲು ಈ ಮಾತುಗಳನ್ನೇ ಬಿಡಿಸಿ ನೋಡೋಣ. “ಪಾಪರ್” ಎಂಬುದು ಇಂಗ್ಲಿಷಿನಿಂದ ಕೋರ್ಟಿನ ಮೂಲಕ ನಮ್ಮ ಬೀದಿಗೆ ಇಳಿದು ಬಂದ ಶಬ್ದ; ಅದಕ್ಕೂ ದಿವಾಳಿಗೂ ಕಾನೂನಿನಲ್ಲಿ ಸಂಬಂಧವೇ ಇಲ್ಲ. ಕೋರ್ಟು ಫೀಸು ಕಟ್ಟಲು ಕೈಲಾಗದ ಬಡವನು ಫೀಸಿಲ್ಲದೆ ದಾವೆ ಹೂಡಲು ಅನುಮತಿ ಬೇಡಬಹುದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೆಯ ಆದೇಶ ಹೇಳುತ್ತದೆ. ಅಂಥವನನ್ನು ಹಿಂದೆ “ಪಾಪರ್” ಎಂದು ಕರೆಯುತ್ತಿದ್ದರು. 1976ರ ತಿದ್ದುಪಡಿಯಲ್ಲಿ ಆ ಶಬ್ದವನ್ನು ಕಿತ್ತುಹಾಕಿ “ನಿರ್ಗತಿಕ” ಎಂಬರ್ಥದ ಶಬ್ದವನ್ನು ಇಟ್ಟರು. ಎಂದರೆ ಪಾಪರ್ ಎಂಬವನು ಹಣ ಕೇಳಿ ಕೋರ್ಟಿಗೆ ಹೋಗುವವನು; ಅವನಿಗೆ ಬೇರೆಯವರಿಂದ ಬರಬೇಕಾದದ್ದು ಇದೆ. ದಿವಾಳಿಯಾದವನು ಬೇರೆಯವರಿಗೆ ಕೊಡಬೇಕಾದವನು. ಇವೆರಡನ್ನೂ ಒಂದೇ ಹೆಸರಿನಿಂದ ಕರೆದದ್ದರಿಂದ, ಕೈಯಲ್ಲಿ ಬಿಡಿಗಾಸೂ ಇಲ್ಲದವನೇ ದಿವಾಳಿ ಎಂಬ ಭಾವನೆ ಬೇರೂರಿತು. ಹೊಲ, ಅಂಗಡಿ, ಸರಕು ಎಲ್ಲ ಇದ್ದೂ ಸಾಲ ಅದಕ್ಕಿಂತ ಹೆಚ್ಚಾಗಿ ತೀರಿಸಲಾರದವನೂ ಕಾನೂನಿನ ದೃಷ್ಟಿಯಲ್ಲಿ ದಿವಾಳಿಯೇ.

ಇನ್ನು “ದಿವಾಳಿ.” ಈ ಶಬ್ದಕ್ಕೆ ದೀಪದ ನಂಟನ್ನು ಹೇಳುವ ಒಂದು ಹಳೆಯ ವಿವರಣೆ ಇದೆ. ವ್ಯಾಪಾರ ಕೆಟ್ಟ ಸಾಹುಕಾರನು ತನ್ನ ಮನೆಯಲ್ಲಿಯೋ ಅಂಗಡಿಯಲ್ಲಿಯೋ ದೀಪ ಉರಿಸಿಟ್ಟು ಮರೆಯಾಗುತ್ತಿದ್ದನಂತೆ. ಲೆಕ್ಕವನ್ನು ಬಿಚ್ಚಿ ತೋರಿಸಿಯೋ, ಇದ್ದ ಆಸ್ತಿಯನ್ನು ಹಂಚಿಯೋ ಸಾಲಿಗರನ್ನು ಸಮಾಧಾನಪಡಿಸುವವರೆಗೂ ಅವನು ಹೊರಗೆ ಬರುತ್ತಿರಲಿಲ್ಲವಂತೆ. 1886ರಲ್ಲಿ ಅಚ್ಚಾದ ಹಾಬ್ಸನ್-ಜಾಬ್ಸನ್ ನಿಘಂಟು ಇದನ್ನು ದಾಖಲಿಸಿ, ವ್ಯುತ್ಪತ್ತಿಯ ವಿಷಯದಲ್ಲಿ ವಿವಾದವಿದೆ ಎಂಬುದನ್ನೂ ಸೇರಿಸಿದೆ. ಇತ್ತ ಯೂರೋಪಿನಲ್ಲಿ, ಇಟಲಿಯ ಲೇವಾದೇವಿಗಾರ ಕುಳಿತು ವ್ಯವಹರಿಸುತ್ತಿದ್ದ ಬೆಂಚು ಮುರಿದುಹೋಯಿತೆಂಬ ಮಾತಿನಿಂದ ಇಂಗ್ಲಿಷಿನ “ಬ್ಯಾಂಕ್ರಪ್ಟ್” ಹುಟ್ಟಿತು. ಅಲ್ಲಿಯ ಮಾತಿನಲ್ಲಿ ಮುರಿದ ಬೆಂಚು, ಇಲ್ಲಿಯ ಮಾತಿನಲ್ಲಿ ಹಗಲು ಹಚ್ಚಿದ ದೀಪ. ಆ ದೀಪದ ಅರ್ಥವಾದರೂ ಏನು? ಇನ್ನು ನನ್ನಿಂದ ಆಗದು, ಬಂದು ಲೆಕ್ಕ ನೋಡಿಕೊಳ್ಳಿರಿ ಎಂದು ಊರಿಗೆ ಸಾರಿದಂತೆ. ಅದರಲ್ಲಿ ಮುಚ್ಚುಮರೆಯೇನೂ ಇಲ್ಲ. ಮಾನ ಹೋಯಿತೆಂಬ ಭಾವನೆ ಬಂದದ್ದು ಬೇರೊಂದು ದಾರಿಯಿಂದ.

ಆ ದಾರಿ ಬಹಳ ಹಳೆಯದು. ಸಾಲವೆಂಬುದು ನಮ್ಮಲ್ಲಿ ಹಣದ ಲೆಕ್ಕವಷ್ಟೇ ಆಗಿರಲಿಲ್ಲ. ಅದು ಮಾತಿನ ಋಣ, ಜನ್ಮಾಂತರದ ಋಣ. ಸಾಲ ಕೊಟ್ಟವನು ಸಾಲಗಾರನ ಬಾಗಿಲಲ್ಲಿ ಉಪವಾಸ ಕುಳಿತು ವಸೂಲು ಮಾಡುವ ಪದ್ಧತಿಯನ್ನು ನಮ್ಮ ಧರ್ಮಶಾಸ್ತ್ರಗಳು ಬಲ್ಲವು. ಹದಿಮೂರನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತಕ್ಕೆ ಬಂದ ಮಾರ್ಕೋ ಪೋಲೋ ಇನ್ನೊಂದನ್ನು ಬರೆದಿಟ್ಟಿದ್ದಾನೆ. ಸಾಲಿಗನು ಸಾಲಗಾರನ ಸುತ್ತ ನೆಲದ ಮೇಲೆ ಗೆರೆ ಎಳೆದರೆ, ಸಾಲ ತೀರಿಸದೆ ಅಥವಾ ಒಪ್ಪುವ ಆಧಾರ ಕೊಡದೆ ಆ ಗೆರೆಯನ್ನು ದಾಟಕೂಡದು. ಒಬ್ಬ ವರ್ತಕನು ರಾಜನ ಸುತ್ತಲೇ ಹೀಗೆ ಗೆರೆ ಎಳೆದದ್ದನ್ನೂ, ಕುದುರೆಯ ಮೇಲಿದ್ದ ರಾಜನು ಅಲ್ಲಿಯೇ ನಿಂತು ಹಣ ಕೊಡಿಸಿದ್ದನ್ನೂ ತಾನು ಕಂಡೆನೆಂದು ಅವನು ಹೇಳುತ್ತಾನೆ. ಗೆರೆಗೆ ಕಾವಲುಗಾರ ಬೇಕಿರಲಿಲ್ಲ, ಮರ್ಯಾದೆಯೇ ಕಾವಲು.

ಇದಕ್ಕೆ ಹರಿಶ್ಚಂದ್ರನ ಕಥೆ ಸೇರಿತು. ರಾಘವಾಂಕನ ಕಾವ್ಯದಿಂದ ಕಂಪನಿ ನಾಟಕದವರೆಗೆ ಆ ಕಥೆಯನ್ನು ಕೇಳಿ ಕಣ್ಣು ಒದ್ದೆಮಾಡಿಕೊಳ್ಳದ ಕನ್ನಡಿಗರು ಕಡಮೆ. 1884ರಲ್ಲಿ ನಾಟಕ ಸಂಘವನ್ನು ಹುಟ್ಟುಹಾಕಿ ಅದನ್ನು ದೇಶದ ತುಂಬ ಕಳಿಸಿದ ಗುಬ್ಬಿಯವರಿಗೆ ಇದನ್ನು ಹೇಳಬೇಕಾದ್ದಿಲ್ಲ. ಹರಿಶ್ಚಂದ್ರ ಹೆಂಡತಿಯನ್ನು ಮಾರಿದ, ಮಗನನ್ನು ಮಾರಿದ, ಕೊನೆಗೆ ತನ್ನನ್ನೇ ಮಾರಿಕೊಂಡು ವಿಶ್ವಾಮಿತ್ರನ ಸಾಲ ತೀರಿಸಿದ. ಕಥೆಯಾಗಿ ಅದು ದೊಡ್ಡದು. ಆದರೆ ಕೊಬ್ಬರಿಯ ಧಾರಣೆ ಇಳಿದು ಕೆಟ್ಟ ಒಬ್ಬ ಸಣ್ಣ ವರ್ತಕನಿಗೆ ಅದೇ ಅಳತೆಗೋಲಾದರೆ, ಅವನಿಗೆ ಉಳಿಯುವ ದಾರಿಗಳು ಮೂರೇ: ತನ್ನನ್ನು ಮಾರಿಕೊಳ್ಳುವುದು, ಊರು ಬಿಡುವುದು, ಇಲ್ಲವೇ ಜೀವ ಬಿಡುವುದು. ನಾಲ್ಕನೆಯದೊಂದು ದಾರಿಯನ್ನು ಕಾನೂನು ಮಾಡಿಕೊಟ್ಟಿದೆ ಎಂಬುದು ಅವನ ಮನಸ್ಸಿಗೆ ಹೊಳೆಯುವುದೇ ಇಲ್ಲ.

ಆ ನಾಲ್ಕನೆಯ ದಾರಿ ಒಂದೇ ದಿನದಲ್ಲಿ ಆದದ್ದಲ್ಲ. ಇಂಗ್ಲೆಂಡಿನಲ್ಲಿ 1542ರಲ್ಲಿ ಬಂದ ಮೊದಲ ದಿವಾಳಿ ಕಾಯಿದೆ ದಿವಾಳಿಯಾದವನನ್ನು ಅಪರಾಧಿಯಂತೆಯೇ ನೋಡಿತು. 1705ರಲ್ಲಿ, ಆನ್ ರಾಣಿಯ ಕಾಲದಲ್ಲಿ, ಎಲ್ಲವನ್ನೂ ಪ್ರಾಮಾಣಿಕವಾಗಿ ಒಪ್ಪಿಸಿದವನಿಗೆ ಉಳಿದ ಸಾಲದಿಂದ ಬಿಡುಗಡೆ ಎಂಬ ಹೊಸ ವಿಚಾರ ಬಂದಿತು; ಆದರೆ ಆಸ್ತಿ ಬಚ್ಚಿಟ್ಟವನಿಗೆ ಅದೇ ಕಾಯಿದೆಯಲ್ಲಿ ಗಲ್ಲು. 1861ರವರೆಗೆ ಈ ಸೌಕರ್ಯ ವರ್ತಕರಿಗೆ ಮಾತ್ರ. ಉಳಿದವರಿಗೆ ಸಾಲದ ಸೆರೆಮನೆ ಕಾದಿರುತ್ತಿತ್ತು. ಕಾದಂಬರಿಕಾರ ಡಿಕನ್ಸನ ತಂದೆ 1824ರಲ್ಲಿ ಮಾರ್ಷಲ್ಸೀ ಸೆರೆಮನೆ ಸೇರಿದಾಗ ಹನ್ನೆರಡು ವರ್ಷದ ಹುಡುಗ ಡಿಕನ್ಸ್ ಬೂಟುಮಸಿಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಆ ತಂದೆ ಕೆಲವು ತಿಂಗಳ ಬಳಿಕ ಹೊರಬಂದದ್ದು ಅಂದಿನ ದಿವಾಳಿ ಸಾಲಗಾರರ ಕಾಯಿದೆಯ ಆಶ್ರಯದಿಂದ.

ನಮ್ಮ ದೇಶದಲ್ಲಿ ಈ ಕಾನೂನು ಮೊದಲು ಬಂದರು ಪಟ್ಟಣಗಳಿಗೆ ಬಂದಿತು. 1828 ಮತ್ತು 1848ರ ಕಾಯಿದೆಗಳು ಕಲ್ಕತ್ತ, ಮುಂಬಯಿ, ಮದರಾಸುಗಳ ವರ್ತಕರನ್ನು ಕುರಿತವು. ಒಳನಾಡಿನ ಸಾಲಗಾರನಿಗೆ 1882ರ ಸಿವಿಲ್ ಸಂಹಿತೆಯಲ್ಲಿ ಒಂದು ಅಧ್ಯಾಯ ಮಾತ್ರ ದೊರೆಯಿತು. ಅವನಿಗಾಗಿಯೇ ಪ್ರತ್ಯೇಕ ಕಾಯಿದೆಯಾದದ್ದು 1907ರಲ್ಲಿ. ಅದನ್ನು ತೆಗೆದು ಹೊಸದಾಗಿ ಬರೆದದ್ದೇ 1920ರ ಪ್ರಾವಿನ್ಷಿಯಲ್ ಇನ್‌ಸಾಲ್ವೆನ್ಸಿ ಕಾಯಿದೆ. ಮೈಸೂರು ಸಂಸ್ಥಾನದಲ್ಲಿ ಸಂಸ್ಥಾನದ್ದೇ ಆದ ದಿವಾಳಿ ಕಾಯಿದೆ ನಡೆಯುತ್ತಿತ್ತು. ರಾಜ್ಯ ಏಕೀಕರಣವಾದ ಮೇಲೆ 1962ರ ಒಂದು ಕಾಯಿದೆಯ ಮೂಲಕ 1920ರ ಕಾನೂನನ್ನೇ ಇಲ್ಲಿಗೂ ವಿಸ್ತರಿಸಿದರು. ತುಮಕೂರು, ಗುಬ್ಬಿ, ಕುಣಿಗಲುಗಳಲ್ಲಿ ಸಾಮಾನ್ಯನಾದ ಒಬ್ಬ ಸಾಲಗಾರ ದಿವಾಳಿ ಅರ್ಜಿ ಹಾಕಬೇಕಾದರೆ, ನೂರು ವರ್ಷ ದಾಟಿದ ಈ ಕಾಯಿದೆಯೇ ಇಂದಿಗೂ ಅವನಿಗೆ ಗತಿ.

ಕಾಯಿದೆ ಹೇಗೆ ನಡೆಯುತ್ತದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಗುಬ್ಬಿ ವ್ಯಾಪಾರದ ಊರಾಗಿ ಹೊಸದಲ್ಲ. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಅಲ್ಲಿಯ ಸಂತೆಯ ವಿಷಯವನ್ನು ಬರೆದಿದ್ದಾನೆ. ಅಲ್ಲಿ ಅಡಕೆ ಕೊಬ್ಬರಿಯ ಒಬ್ಬ ವರ್ತಕನಿದ್ದಾನೆ ಎಂದಿಟ್ಟುಕೊಳ್ಳಿ. ಪ್ರೋನೋಟು, ಕೈಸಾಲ, ಚೀಟಿ ಹಣ ಎಲ್ಲ ಸೇರಿ ಅವನ ಮೇಲೆ ಹತ್ತು ಲಕ್ಷ ರೂಪಾಯಿ ಸಾಲ. ಮಾರಿದರೆ ಕೈಗೆ ಬರುವ ಆಸ್ತಿ ನಾಲ್ಕು ಲಕ್ಷದ್ದು. ಮನೆಯ ಮುಂದೆ ದಿನವೂ ಸಾಲಿಗರ ಗಲಾಟೆ. ಅವನು ಏನು ಮಾಡಬಹುದು?

ಅವನು ಮೊದಲು ಹೆದರುವುದು ಜೈಲಿಗೆ. ದಿವಾಳಿ ಅರ್ಜಿ ಹಾಕಿದರೆ ಹಿಡಿದುಕೊಂಡು ಹೋಗುತ್ತಾರೆ ಎಂಬ ಮಾತು ಎಲ್ಲೆಡೆ ಇದೆ. ನಿಜಸ್ಥಿತಿ ಇದಕ್ಕೆ ತಿರುಗುಮುರುಗು. ಹಣದ ಡಿಕ್ರಿಯ ಅಮಲ್ಜಾರಿಯಲ್ಲಿ ಸಾಲಗಾರನನ್ನು ಬಂಧಿಸುವ ಅವಕಾಶ ಸಿವಿಲ್ ಸಂಹಿತೆಯಲ್ಲಿ ಇಂದಿಗೂ ಇದೆ. ಆದರೆ ಹಾಗೆ ಬಂಧಿಸಿ ತಂದವನಿಗೆ, ನೀನು ದಿವಾಳಿ ಅರ್ಜಿ ಹಾಕಿಕೊಳ್ಳಬಹುದು ಎಂದು ಕೋರ್ಟೇ ತಿಳಿಸಬೇಕೆಂದು ಅದೇ ಸಂಹಿತೆಯ 55ನೆಯ ಕಲಮು ವಿಧಿಸುತ್ತದೆ. ದಿವಾಳಿಯೆಂದು ಘೋಷಿತನಾದವನು ಬಂಧನದಿಂದ ರಕ್ಷಣೆ ಕೊಡಿರೆಂದು ಕೋರ್ಟನ್ನು ಕೇಳಿಕೊಳ್ಳಬಹುದು. ಎಂದರೆ ದಿವಾಳಿಯ ಬಾಗಿಲು ಜೈಲಿನಿಂದ ಹೊರಗೆ ತೆರೆಯುವ ಬಾಗಿಲು. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಗಂಡಸರನ್ನಾದರೂ, ಕೊಡುವ ಶಕ್ತಿಯಿದ್ದು ದುರುದ್ದೇಶದಿಂದ ಕೊಡದವನ ಹೊರತು, ಬರಿಯ ಬಡತನಕ್ಕಾಗಿ ಸೆರೆಗೆ ಹಾಕಕೂಡದೆಂದು ಸುಪ್ರೀಂ ಕೋರ್ಟು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಜೈಲಿಗೆ ಹೋಗಿ ಬಂದರೆ ಸಾಲ ಹರಿಯಿತು ಎಂಬ ಮಾತೂ ಸುಳ್ಳು. ಸೆರೆ ಮುಗಿದರೂ ಸಾಲ ಹಾಗೆಯೇ ನಿಂತಿರುತ್ತದೆ. ಹಣವಿಲ್ಲದ ಚೆಕ್ಕು ಕೊಟ್ಟವನ ಸಂಗತಿ ಬೇರೆ. ಅದು ಎರಡು ವರ್ಷದವರೆಗೆ ಶಿಕ್ಷೆಯುಳ್ಳ ಅಪರಾಧ; ದಿವಾಳಿ ಅರ್ಜಿ ಅದಕ್ಕೆ ಗುರಾಣಿಯಾಗದು.

ಎರಡನೆಯ ಹೆದರಿಕೆ, ಉಟ್ಟ ಬಟ್ಟೆಯವರೆಗೆ ಎಲ್ಲವೂ ಹೋಗುತ್ತದೆಂಬುದು. ದಿವಾಳಿಯೆಂದು ಘೋಷಣೆಯಾದೊಡನೆ ಆಸ್ತಿ ಕೋರ್ಟಿನ ಅಥವಾ ರಿಸೀವರನ ವಶಕ್ಕೆ ಹೋಗುವುದು ನಿಜ. ಆದರೆ ಸಿವಿಲ್ ಸಂಹಿತೆಯ 60ನೆಯ ಕಲಮಿನಂತೆ ಯಾವುದನ್ನು ಜಪ್ತಿ ಮಾಡಲಾಗದೋ ಅದು ಸಾಲಗಾರನಿಗೇ ಉಳಿಯುತ್ತದೆ. ಆ ಪಟ್ಟಿಯನ್ನು ಓದುವುದು ಒಂದು ಸಮಾಧಾನ. ಅವನ, ಹೆಂಡತಿಯ, ಮಕ್ಕಳ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ ಹೊದಿಕೆ, ಧರ್ಮಾಚಾರದಂತೆ ಹೆಂಗಸು ಮೈಯಿಂದ ಕಳಚಬಾರದ ಒಡವೆ, ಎಂದರೆ ನಮ್ಮ ಕಡೆ ಮಾಂಗಲ್ಯ, ಕಸುಬುದಾರನ ಹತಾರ, ಬೇಸಾಯಗಾರನ ನೇಗಿಲು, ಎತ್ತು, ಬಿತ್ತನೆಯ ಕಾಳು, ಅವನು ವಾಸವಾಗಿರುವ ಮನೆ. ಸಂಬಳಗಾರನಿಗೆ ಮೊದಲ ಸಾವಿರ ರೂಪಾಯಿಯೂ ಮಿಕ್ಕದ್ದರಲ್ಲಿ ಮೂರರಲ್ಲೆರಡು ಪಾಲೂ ಸಾಲದ ಜಪ್ತಿಗೆ ಸಿಕ್ಕದು. ದುಡಿದು ಬದುಕುವ ಕೈಯನ್ನು ಕತ್ತರಿಸಬಾರದೆಂಬುದು ಈ ಪಟ್ಟಿಯ ಹಿಂದಿನ ವಿವೇಕ. ನಮ್ಮ ಗುಬ್ಬಿಯ ವರ್ತಕ ಬೇಸಾಯಗಾರನಲ್ಲವಾದ್ದರಿಂದ ಅವನ ಮನೆಗೆ ಈ ರಕ್ಷೆ ಇಲ್ಲ. ಆ ಮನೆಯನ್ನು ಬ್ಯಾಂಕಿಗೆ ಅಡವಿಟ್ಟಿದ್ದರೆ ಬ್ಯಾಂಕಿನ ಅಡಮಾನದ ಹಕ್ಕು ದಿವಾಳಿಯ ಆಚೆಗೇ ನಿಲ್ಲುತ್ತದೆ.

ಇನ್ನು ಮಾನದ ಮಾತು. ಸ್ಥಿರಾಸ್ತಿಯನ್ನು ಜಪ್ತಿ ಮಾಡುವಾಗ ಆ ಜಾಗದಲ್ಲಿ ತಮಟೆ ಬಾರಿಸಿಯೋ ರೂಢಿಯ ಬೇರೆ ಬಗೆಯಲ್ಲಿಯೋ ಸಾರಬೇಕೆಂಬುದು ಸಿವಿಲ್ ಸಂಹಿತೆಯ ನಿಯಮ. ಅಮೀನ ಬಂದ, ತಮಟೆ ಬಡಿದ, ಬೀದಿಯವರೆಲ್ಲ ನೋಡಿದರು ಎಂಬ ಆ ಚಿತ್ರವೇ ನಮ್ಮ ಹಿರಿಯರ ಮನಸ್ಸಿನಲ್ಲಿ ದಿವಾಳಿಯ ಚಿತ್ರವಾಗಿ ನಿಂತಿತು. ಆದರೆ ಆ ತಮಟೆ ಡಿಕ್ರಿಯ ಅಮಲ್ಜಾರಿಯದು. ಒಬ್ಬೊಬ್ಬ ಸಾಲಿಗನೂ ಒಂದೊಂದು ಕಡೆಯಿಂದ ಎಳೆಯುವುದನ್ನು ನಿಲ್ಲಿಸಿ, ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸುವುದು ದಿವಾಳಿಯ ಕೆಲಸ. ನಮ್ಮ ಉದಾಹರಣೆಯಲ್ಲಿ ಖರ್ಚು ಕಳೆಯುವುದಕ್ಕೆ ಮೊದಲು ರೂಪಾಯಿಗೆ ನಲವತ್ತು ಪೈಸೆ, ಹಳೆಯ ಲೆಕ್ಕದಲ್ಲಿ ಆರಾಣೆ ಚಿಲ್ಲರೆ, ಎಲ್ಲರಿಗೂ ಸಮವಾಗಿ ಬರುತ್ತದೆ. ಜೋರು ಮಾಡಿದವನಿಗೆ ಪೂರ್ತಿ, ಮರ್ಯಾದಸ್ಥನಿಗೆ ಸೊನ್ನೆ ಎಂಬ ಬೀದಿಯ ನ್ಯಾಯ ತಪ್ಪುತ್ತದೆ. ಸಂಖ್ಯೆಯಲ್ಲಿ ಹೆಚ್ಚಿನವರೂ ಹಣದಲ್ಲಿ ಮುಕ್ಕಾಲು ಪಾಲಿನವರೂ ಒಪ್ಪಿದರೆ, ಕೋರ್ಟಿನ ಅನುಮೋದನೆ ಪಡೆದು ರಾಜಿಯಲ್ಲಿಯೇ ಮುಗಿಸಿಕೊಳ್ಳುವುದಕ್ಕೂ ಅವಕಾಶವಿದೆ.

ಮಾನಕ್ಕೆ ಕಾನೂನು ತರುವ ಕುಂದು ಇಲ್ಲವೆಂದಲ್ಲ. ಬಿಡುಗಡೆ ಪಡೆಯದ ದಿವಾಳಿಯು ಮ್ಯಾಜಿಸ್ಟ್ರೇಟನಾಗಲಾರ, ಪುರಸಭೆಯಂಥ ಸ್ಥಳೀಯ ಸಂಸ್ಥೆಯ ಸದಸ್ಯನಾಗಲಾರ. ಸಂವಿಧಾನದ 102 ಮತ್ತು 191ನೆಯ ವಿಧಿಗಳಂತೆ ಸಂಸತ್ತಿಗೂ ವಿಧಾನಮಂಡಲಕ್ಕೂ ಅನರ್ಹ. ಆದರೆ ಅವನ ಮತ ಹೋಗುವುದಿಲ್ಲ, ದುಡಿಯುವ ಹಕ್ಕು ಹೋಗುವುದಿಲ್ಲ. ತಾನು ದಿವಾಳಿಯೆಂದು ಹೇಳದೆ ಐವತ್ತು ರೂಪಾಯಿ ಅಥವಾ ಅದಕ್ಕೆ ಮೀರಿದ ಸಾಲ ಎತ್ತಿದರೆ ಮಾತ್ರ ಅಪರಾಧ ಎಂದು 1920ರ ಮೂಲ ಪಾಠ ಹೇಳುತ್ತದೆ. ಬಿಡುಗಡೆಯ ಆಜ್ಞೆ ಬಂದ ಮೇಲೆ ಅನರ್ಹತೆಯ ಗಂಟು ಬಿಚ್ಚಿಕೊಳ್ಳುತ್ತದೆ.

ಈವರೆಗೆ ಹೇಳಿದ್ದು ಹೆದರಿದವರ ತಪ್ಪು ತಿಳಿವಳಿಕೆ. ಇನ್ನು ಧೈರ್ಯ ಹೆಚ್ಚಾದವರದು. ಅರ್ಜಿ ಬಿಸಾಕಿದರೆ ಸಾಲವೆಲ್ಲ ಮಂಗಮಾಯ ಎಂದು ನಂಬಿದವರು ಕಡಮೆಯಿಲ್ಲ. ಅರ್ಜಿಯಿಂದಾಗಲಿ, ದಿವಾಳಿಯೆಂಬ ಘೋಷಣೆಯಿಂದಾಗಲಿ ಸಾಲ ತೀರುವುದಿಲ್ಲ; ತೀರುವುದು ಕೊನೆಯಲ್ಲಿ ಬರುವ ಬಿಡುಗಡೆಯ ಆಜ್ಞೆಯಿಂದ. ಕೋರ್ಟು ಗೊತ್ತುಮಾಡಿದ ಅವಧಿಯೊಳಗೆ ಸಾಲಗಾರನೇ ಅದಕ್ಕಾಗಿ ಅರ್ಜಿ ಕೊಡಬೇಕು. ಕೊಡದಿದ್ದರೆ ಘೋಷಣೆಯೇ ರದ್ದಾಗಿ ಅವನು ಮೊದಲಿದ್ದಲ್ಲಿಗೇ ಬರುತ್ತಾನೆ. ಕೇಳಿದವರಿಗೆಲ್ಲ ಬಿಡುಗಡೆ ಸಿಕ್ಕುವುದೂ ಇಲ್ಲ. ಆಸ್ತಿಯಿಂದ ರೂಪಾಯಿಗೆ ಎಂಟಾಣೆಯೂ ಹುಟ್ಟದಿದ್ದರೆ, ಅದು ತನ್ನ ತಪ್ಪಿನಿಂದ ಆದದ್ದಲ್ಲವೆಂದು ಅವನು ಕೋರ್ಟಿಗೆ ತೋರಿಸಿಕೊಡಬೇಕು. ವ್ಯಾಪಾರಕ್ಕೆ ತಕ್ಕ ಲೆಕ್ಕದ ಪುಸ್ತಕ ಇಡದವನು, ಜೂಜಿಗೂ ದುಂದುಗಾರಿಕೆಗೂ ಹಣ ಸುರಿದವನು, ಮುಳುಗಿದೆನೆಂದು ತಿಳಿದೂ ವ್ಯಾಪಾರ ಮುಂದುವರಿಸಿ ಹೊಸ ಸಾಲ ಎತ್ತಿದವನು, ಇವರಿಗೆ ಪೂರ್ಣ ಬಿಡುಗಡೆ ಸಲ್ಲದು. ನಮ್ಮ ಗುಬ್ಬಿಯ ವರ್ತಕ ಆರಾಣೆಯಲ್ಲಿ ನಿಂತಿದ್ದಾನೆ. ಧಾರಣೆ ಕುಸಿದದ್ದರಿಂದ ಕೆಟ್ಟೆ ಎಂದು ತೋರಿಸಲು ಅವನ ಕೈಯಲ್ಲಿ ಖಾತೆ ಪುಸ್ತಕವಿದ್ದರೆ ದಾರಿ ಇದೆ, ಇಲ್ಲದಿದ್ದರೆ ಕಷ್ಟ. ಬಿಡುಗಡೆ ಸಿಕ್ಕಿದ ಮೇಲೂ ಸರ್ಕಾರಕ್ಕೆ ಸಲ್ಲಬೇಕಾದದ್ದು, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಇವು ಅಳಿಯುವುದಿಲ್ಲ.

“ಹೆಂಡತಿಯ ಹೆಸರಿಗೆ ಬರೆದಿಟ್ಟು ಆಮೇಲೆ ಅರ್ಜಿ ಹಾಕು” ಎಂದು ಬುದ್ಧಿ ಹೇಳುವವರು ಪ್ರತಿ ಊರಿನಲ್ಲೂ ಇದ್ದಾರೆ. ಈ ಬುದ್ಧಿವಂತಿಕೆಯನ್ನು 1920ರಲ್ಲೇ ಕಂಡಿದ್ದವರು ಕಾಯಿದೆಯಲ್ಲಿ 53ನೆಯ ಕಲಮನ್ನು ಬರೆದರು. ದಿವಾಳಿಗೆ ಹಿಂದಿನ ಎರಡು ವರ್ಷದೊಳಗೆ ಬೆಲೆ ಪಡೆಯದೆ ಮಾಡಿಕೊಟ್ಟ ಆಸ್ತಿಯನ್ನು ಕೋರ್ಟು ಹಿಂದಕ್ಕೆ ತರಬಹುದು. ಕೊನೆಯ ಮೂರು ತಿಂಗಳಲ್ಲಿ ಬೇಕಾದ ಒಬ್ಬ ಸಾಲಿಗನಿಗೆ ಮಾತ್ರ ಉಪಕಾರವಾಗಲೆಂದು ಹಣ ಕೊಟ್ಟಿದ್ದರೆ ಅದೂ ನಿಲ್ಲದು. ಬಚ್ಚಿಟ್ಟದ್ದು ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಸೆರೆ.

ಇನ್ನೊಂದು ಭಾರ ಮಕ್ಕಳದು. ಅಪ್ಪನ ಸಾಲ ಮಗ ತೀರಿಸಲೇಬೇಕೆಂಬ ನಂಬಿಕೆಗೆ ಶಾಸ್ತ್ರದ ಬೆಂಬಲವಿತ್ತು. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರವು ಅದನ್ನು ಧರ್ಮವೆಂದು ಹೇಳಿತು. ಕುಡಿತ, ಜೂಜುಗಳಿಗೆ ಮಾಡಿದ ಸಾಲ ಮಗನಿಗೆ ಅಂಟದೆಂದೂ ಶಾಸ್ತ್ರವೇ ವಿನಾಯಿತಿ ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆ ಇದನ್ನು ಮುಗಿಸಿತು. ಆ ದಿನದ ಮೇಲೆ ತಂದೆ, ಅಜ್ಜ, ಮುತ್ತಜ್ಜ ಮಾಡಿದ ಸಾಲಕ್ಕೆ, ಧರ್ಮಋಣವೆಂಬ ಒಂದೇ ಕಾರಣದಿಂದ ಮಗ ಮೊಮ್ಮಗನ ಮೇಲೆ ಹೋಗುವ ಹಕ್ಕನ್ನು ಕೋರ್ಟು ಮನ್ನಿಸದು. ತಂದೆಯಿಂದ ಬಂದ ಆಸ್ತಿಯಿದ್ದರೆ ಆ ಆಸ್ತಿಯ ಮಟ್ಟಿಗೆ ಹೊಣೆ, ಅಷ್ಟೆ. ಸಾಲದ ಪತ್ರಕ್ಕೆ ಜಾಮೀನು ಹಾಕಿದವನ ಸ್ಥಿತಿ ಮಾತ್ರ ಬೇರೆ. ಸಾಲಗಾರನಿಗೆ ಬಿಡುಗಡೆ ಸಿಕ್ಕಿದರೂ ಜಾಮೀನುದಾರನಿಗೆ ಬಿಡುಗಡೆಯಿಲ್ಲ.

ಈ ಜಾಮೀನಿನ ಮಾತು ನಮ್ಮನ್ನು ಕುಣಿಗಲಿಗೆ ಕರೆದೊಯ್ಯುತ್ತದೆ. ಕುಣಿಗಲು ಎಂದೊಡನೆ ಜನಪದ ಹಾಡಿನ ದೊಡ್ಡ ಕೆರೆ ನೆನಪಾಗುವಂತೆ, ಟಿಪ್ಪುವಿನ ಕಾಲದ ನೆನಪುಳ್ಳ ಕುದುರೆ ಫಾರಮ್ಮೂ ನೆನಪಾಗುತ್ತದೆ. ನಾನೂರು ಎಕರೆಗೂ ಮಿಕ್ಕ ಆ ಫಾರಮ್ಮನ್ನು ರಾಜ್ಯ ಸರ್ಕಾರ 1992ರಲ್ಲಿ ಮೂವತ್ತು ವರ್ಷಕ್ಕೆ ವಿಜಯ ಮಲ್ಯ ಅವರ ಉದ್ಯಮ ಸಮೂಹದ ಒಂದು ಕಂಪನಿಗೆ ಗುತ್ತಿಗೆ ಕೊಟ್ಟಿತು. ಆ ಗುತ್ತಿಗೆ ಇನ್ನೂ ನಡೆಯುತ್ತಿದ್ದಾಗಲೇ, 2021ರ ಜುಲೈ 26ರಂದು, ಲಂಡನ್ನಿನ ಹೈಕೋರ್ಟು ಮಲ್ಯ ಅವರನ್ನು ವೈಯಕ್ತಿಕವಾಗಿ ದಿವಾಳಿಯೆಂದು ಘೋಷಿಸಿತು. ನಮ್ಮ ಕಾಲದ ಅತಿ ಪ್ರಸಿದ್ಧ ಕನ್ನಡ ನಾಡಿನ ದಿವಾಳಿ ಪ್ರಕರಣ ಇದೇ ಇರಬೇಕು. ಇದರಿಂದ ಕಲಿಯಬಹುದಾದದ್ದು ಎರಡುಂಟು.

ಒಂದನೆಯದು: ಅರ್ಜಿ ಹಾಕಿದವರು ಮಲ್ಯ ಅಲ್ಲ, ಸ್ಟೇಟ್ ಬ್ಯಾಂಕಿನ ನೇತೃತ್ವದ ಭಾರತೀಯ ಬ್ಯಾಂಕುಗಳ ಕೂಟ. ಅವರು ಕೊನೆಯವರೆಗೆ ವಿರೋಧಿಸಿದರು. 2025ರ ಏಪ್ರಿಲಿನಲ್ಲಿ ಅವರ ಮೇಲ್ಮನವಿಯೂ ಬಿದ್ದುಹೋಯಿತು. ಬ್ಯಾಂಕುಗಳು ಬರಬೇಕಾದದ್ದಕ್ಕಿಂತ ಹೆಚ್ಚೇ ವಸೂಲು ಮಾಡಿಕೊಂಡಿವೆ ಎಂಬುದು ಅವರ ವಾದ. ಅದೇನೇ ಇರಲಿ, ದಿವಾಳಿಯೆಂಬುದು ಸಾಲಗಾರನ ಉಪಾಯ ಮಾತ್ರವೆಂದು ತಿಳಿದವರು ಇದನ್ನು ಗಮನಿಸಬೇಕು. 1920ರ ಕಾಯಿದೆಯಲ್ಲಿಯೂ ಸಾಲಿಗನು ಅರ್ಜಿ ಹಾಕಬಹುದು. ಎರಡನೆಯದು: ಮುಳುಗಿದ್ದು ವಿಮಾನದ ಕಂಪನಿ. ಕಿಂಗ್‌ಫಿಷರ್ ವಿಮಾನಗಳ ಹಾರಾಟ 2012ರ ಅಕ್ಟೋಬರಿನಲ್ಲಿ ನಿಂತಿತು. ಕಂಪನಿಯ ಸಾಲ ಕಂಪನಿಯದೇ, ಒಡೆಯನದಲ್ಲ ಎಂಬುದು ಸಾಮಾನ್ಯ ನಿಯಮ. ಆದರೆ ಅವರು ಆ ಸಾಲಕ್ಕೆ ವೈಯಕ್ತಿಕ ಜಾಮೀನು ಕೊಟ್ಟಿದ್ದರು. ಬೆಂಗಳೂರಿನ ಸಾಲ ವಸೂಲಿ ನ್ಯಾಯಾಧಿಕರಣ 2017ರ ಜನವರಿಯಲ್ಲಿ 6,203 ಕೋಟಿ ರೂಪಾಯಿಯನ್ನು ಬಡ್ಡಿಸಹಿತ ವಸೂಲು ಮಾಡಲು ಆದೇಶಿಸಿತು. ಒಂದು ಸಹಿ ಎಷ್ಟು ದೂರ ಹೋಗುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ. ಸ್ನೇಹಕ್ಕೆ ಕಟ್ಟುಬಿದ್ದು ಸಹಕಾರ ಸಂಘದಲ್ಲಿ ಭಾವಮೈದುನನ ಸಾಲಕ್ಕೆ ಸಹಿ ಹಾಕುವ ಮೇಷ್ಟರಿಗೂ ನಿಯಮ ಇದೇ.

ಇಂಥ ಜಾಮೀನುದಾರರಿಗಾಗಿ ನಮ್ಮ ದೇಶದಲ್ಲಿ ಹೊಸ ಕಾನೂನೂ ಬಂದಿದೆ. 2016ರ ದಿವಾಳಿ ಸಂಹಿತೆಯ ಮೂರನೆಯ ಭಾಗ ವ್ಯಕ್ತಿಗಳನ್ನು ಕುರಿತದ್ದು. ಆದರೆ 2019ರ ಡಿಸೆಂಬರ್ 1ರಿಂದ ಅದು ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಜಾಮೀನಾದವರ ಮಟ್ಟಿಗೆ ಮಾತ್ರ. ಅದೇ ಭಾಗದಲ್ಲಿ ಅತಿ ಬಡವನಿಗೆಂದು “ಹೊಸ ಆರಂಭ” ಎಂಬ ಒಂದು ಏರ್ಪಾಡಿದೆ: ವರ್ಷದ ಆದಾಯ 60,000, ಆಸ್ತಿ 20,000, ಸಾಲ 35,000 ರೂಪಾಯಿ ಮೀರದ, ಸ್ವಂತ ಮನೆಯಿಲ್ಲದವನಿಗೆ ಸರಳ ವಿಧಾನದಲ್ಲಿ ಸಾಲ ವಿಮೋಚನೆ. ಓದಲು ಚೆನ್ನಾಗಿದೆ, ಜಾರಿಗೆ ಬಂದಿಲ್ಲ. ಜಾಮೀನು ಹಾಕಿದ ಸಾಹುಕಾರನಿಗೆ ಹೊಸ ಕಾನೂನು ತೆರೆಯಿತು, ಮೂವತ್ತೈದು ಸಾವಿರದವನಿಗೆ ಪುಸ್ತಕದಲ್ಲೇ ಉಳಿಯಿತು.

ಇವುಗಳ ಜೊತೆಗೆ ಜನ ಋಣಪರಿಹಾರ ಕಾಯಿದೆಗಳನ್ನೂ ಬೆರೆಸಿಬಿಡುತ್ತಾರೆ. ದೇವರಾಜ ಅರಸರ ಕಾಲದ 1976ರ ಕಾಯಿದೆಯೂ, 2019ರಲ್ಲಿ ಜಾರಿಯಾದ ಋಣಮುಕ್ತ ಕಾಯಿದೆಯೂ ಗೊತ್ತಾದ ವರ್ಗದ ಬಡವರ ಖಾಸಗಿ ಸಾಲವನ್ನು ಸರ್ಕಾರ ತಾನಾಗಿ ಮನ್ನಾ ಮಾಡಿದ್ದು. ದಿವಾಳಿ ಒಬ್ಬೊಬ್ಬನ ಲೆಕ್ಕವನ್ನು ಕೋರ್ಟು ಬಗೆಹರಿಸುವುದು. 2025ರಲ್ಲಿ ಮೈಕ್ರೋ ಫೈನಾನ್ಸ್ ವಸೂಲಿಗಾರರ ಹಾವಳಿ ಹೆಚ್ಚಿ, ಊರು ಬಿಟ್ಟವರ ಮತ್ತು ಜೀವ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಸಾಲುಸಾಲಾಗಿ ಬಂದಾಗ, ರಾಜ್ಯ ಸರ್ಕಾರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಶಿಕ್ಷೆ ಗೊತ್ತುಮಾಡಿತು. ಒಳ್ಳೆಯದೇ ಆಯಿತು. ಆದರೆ ಆ ಸುದ್ದಿಗಳನ್ನು ಓದುವಾಗ, ಸತ್ತವರಲ್ಲಿ ಎಷ್ಟು ಮಂದಿಗೆ ಕೋರ್ಟಿನಲ್ಲಿ ಇಂಥದೊಂದು ಬಾಗಿಲಿದೆ ಎಂದು ಯಾರಾದರೂ ಹೇಳಿದ್ದರು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಬಾಗಿಲು ಸುಗಮವಾಗಿದೆ ಎಂದು ನಾನು ಹೇಳಲಾರೆ. ಹಳೆಯ ಕಾಯಿದೆ, ನಿಧಾನದ ಕೋರ್ಟು, ವಕೀಲರ ಖರ್ಚು, ಇವೆಲ್ಲ ಇವೆ. ಆದರೂ ಅರ್ಜಿಯಲ್ಲಿ ಕೇಳುವುದು ಅಂಥ ಗಹನವಾದದ್ದೇನಲ್ಲ. ಯಾರಿಗೆ ಎಷ್ಟು ಕೊಡಬೇಕು, ಸಾಲಿಗರ ಹೆಸರು ವಿಳಾಸಗಳೇನು, ತನ್ನದೆಂಬುದು ಏನೇನಿದೆ, ಎಲ್ಲಿದೆ, ಅದೆಲ್ಲವನ್ನೂ ಕೋರ್ಟಿಗೆ ಒಪ್ಪಿಸಲು ತಾನು ಸಿದ್ಧನಿದ್ದೇನೆ, ಇಷ್ಟು. 1920ರಲ್ಲಿ ಬರೆದಂತೆ ಐನೂರು ರೂಪಾಯಿ ಸಾಲವಿದ್ದು ತೀರಿಸಲಾರದವನು ತಾನು ವಾಸವಿರುವ ಅಥವಾ ವ್ಯಾಪಾರ ಮಾಡುವ ಸೀಮೆಯ ಜಿಲ್ಲಾ ಕೋರ್ಟಿನಲ್ಲಿಯೋ, ಅಧಿಕಾರ ಪಡೆದ ಅಧೀನ ಕೋರ್ಟಿನಲ್ಲಿಯೋ ಇದನ್ನು ಸಲ್ಲಿಸಬಹುದು. ಬಡವನಾದರೆ ತುಮಕೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು. ಅಂಗಡಿಯ ಬಾಗಿಲು ಹಾಕಿಕೊಂಡು ರಾತ್ರಿ ಬಸ್ಸು ಹತ್ತುವ ಮೊದಲು, ಆ ನಾಲ್ಕು ಪಟ್ಟಿಯನ್ನು ಒಂದು ಹಾಳೆಯ ಮೇಲೆ ಬರೆಯುವುದಕ್ಕೆ ಯಾವ ವಕೀಲನೂ ಬೇಕಾಗಿಲ್ಲ. ಹಿಂದಿನ ಸಾಹುಕಾರ ಹಗಲಿನಲ್ಲಿ ದೀಪ ಹಚ್ಚಿಟ್ಟು ಸಾಲಿಗರಿಗೆ ತೋರಿಸುತ್ತಿದ್ದದ್ದೂ ಅದೇ ಪಟ್ಟಿ.